ಸಾವಿರ ಪಟ್ಟು ನಿಧಾನ

ಶಿವಲೀಲಾಳ ಕಸುಬಿನಲ್ಲಿ ಇರುವುದು ಒಂದೇ ದೇವರು, ಅದರ ಹೆಸರು ಅವಸರ. ಪುಟ ಮೂರು ಸೆಕೆಂಡಿನೊಳಗೆ ತೆರೆಯದಿದ್ದರೆ ನೋಡುವವರು ಬೇಸತ್ತು ಮುಚ್ಚಿಬಿಡುತ್ತಾರೆ ಎಂದು ಆ ಕಸುಬಿನವರೆಲ್ಲ ನಂಬಿದ್ದಾರೆ. ಲಿಂಗಸೂಗೂರಿನ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರಕ್ಕೆಂದು ಮಾಡಿಸಿದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅವಳು ದಿನವಿಡೀ ಆ ಮೂರು ಸೆಕೆಂಡಿನೊಳಗೆ ಲೋಕವನ್ನು ತುರುಕುತ್ತಿರುತ್ತಾಳೆ. ಕಲ್ಯಾಣ ಮಂಟಪದ ವೆಬ್‌ಸೈಟು, ಬೇಳೆ ಮಿಲ್ಲಿನ ವೆಬ್‌ಸೈಟು, ಹಲ್ಲಿನ ಡಾಕ್ಟರ ವೆಬ್‌ಸೈಟು. ಅವಳಿಗೆ ಕಂಪನಿಯೂ ಇಲ್ಲ, ಮೇಲಧಿಕಾರಿಯೂ ಇಲ್ಲ. ಹಾಗಾಗಿ ಇದ್ದ ಗಿರಾಕಿಗಳೆಲ್ಲ ಮೇಲಧಿಕಾರಿಗಳೇ. ಮಂಟಪದ ಮಾಲೀಕರು ತಮ್ಮ ಫೋಟೋ ಇನ್ನೊಂಚೂರು ದೊಡ್ಡದಾಗಲಿ ಅನ್ನುತ್ತಾರೆ. ದೊಡ್ಡದಾಗಿ ದೊಡ್ಡದಾಗಿ ಅದು ಪರದೆ ತುಂಬಿದ ಮೇಲೆ, "ಅಲ್ರಿ ಮೇಡಂ, ಮಂಟಪನ ಕಾಣವಲ್ದಲ್ಲ" ಅನ್ನುತ್ತಾರೆ. ಶಿವಲೀಲಾ ಮುಗುಳ್ನಕ್ಕು ಮತ್ತೆ ಮೊದಲಿನಿಂದ ಶುರುಮಾಡುತ್ತಾಳೆ.

ಇಂಥವಳ ಕೈಗೆ, ಲೋಕದಲ್ಲೇ ಅತಿ ನಿಧಾನದ ಜೀವವೊಂದು ಬಂದು ಸಿಕ್ಕಿತು. ಅದೂ ಅವಳದೇ ತಪ್ಪಿನಿಂದ.

ಊರಿನಿಂದ ತುಸು ದೂರದ ಕರೇಗುಡ್ಡದಲ್ಲಿ ಒಂದು ಹಳೆಯ ಚಿನ್ನದ ಗಣಿ ಇತ್ತು. ಚಿನ್ನ ಮುಗಿದು ಗಣಿ ಮುಚ್ಚಿದರೂ ಸುರಂಗಗಳು ಎಲ್ಲಿಗೆ ಹೋದಾವು? ಅವುಗಳೊಳಗೆ ಒಂದು ಸಣ್ಣ ಸಂಶೋಧನಾ ಕೇಂದ್ರ ಬಂದು ಕೂತಿತ್ತು. ಬಂಡೆಯ ಒಳಗೂ ತೀರ ಸಣ್ಣ ವಿದ್ಯುತ್ ಪ್ರವಾಹಗಳು ಹರಿದಾಡುತ್ತವೆ; ಅವುಗಳ ಏರಿಳಿತ ಅಳೆಯುವುದೇ ಕೇಂದ್ರದ ಕೆಲಸ. ಅದಕ್ಕಾಗಿ ಸುರಂಗಗಳಲ್ಲಿ ತಾಮ್ರದ ಕಡ್ಡಿಗಳನ್ನು ಹೂತಿದ್ದರು. ಸಾಲದ್ದಕ್ಕೆ ತಾಲ್ಲೂಕಿನಲ್ಲೆಲ್ಲ ನೀರು ಬೀಳದೆ ಬಿಟ್ಟ ಬೋರ್‌ವೆಲ್‌ಗಳಿಗೂ ತಂತಿ ಜೋಡಿಸಿದ್ದರು. ಅಂಥ ಬೋರುಗಳಿಗೆ ಆ ಸೀಮೆಯಲ್ಲಿ ಕೊರತೆಯೇನೂ ಇರಲಿಲ್ಲ.

ಅವುಗಳಲ್ಲಿ ಒಂದು ಶಿವಲೀಲಾಳ ಗಂಡ ಅಮರೇಶನದು. ಅಮರೇಶ ಬೋರ್ ಗಾಡಿ ಇಟ್ಟುಕೊಂಡವನು. ಊರಿನವರ ಸೈಟುಗಳಲ್ಲೆಲ್ಲ ನೀರು ಹೊರಡಿಸಿದವನು ಮೂರು ವರ್ಷದ ಹಿಂದೆ ತನ್ನ ಸ್ವಂತ ಸೈಟಿನಲ್ಲಿ ಕೊರೆಯಲು ಹೋಗಿ ಮುಖಭಂಗ ಮಾಡಿಕೊಂಡಿದ್ದ. ತುಂಬ ಆಳದಲ್ಲಿ ಹ್ಯಾಮರ್ ಸಿಕ್ಕಿಬಿತ್ತು. ಹ್ಯಾಮರ್ ಅಂದರೆ ರಾಡುಗಳ ತುದಿಯಲ್ಲಿ ಬಂಡೆ ಕುಟ್ಟುತ್ತ ಇಳಿಯುವ ಉಕ್ಕಿನ ಮೂತಿ. ಎರಡು ಹಗಲು ಜಗ್ಗಿದ. ಬರಲಿಲ್ಲ. ರಾಡು ಬಿಚ್ಚಲು ನೋಡಿದ, ಅದೂ ಆಗಲಿಲ್ಲ. ಕೊನೆಗೆ ಅವುಗಳನ್ನು ನೆಲಕ್ಕಿಂತ ಗೇಣು ಮೇಲೆ ಕತ್ತರಿಸಿ, ಮುಚ್ಚಳ ಹಾಕಿ ಮನೆಗೆ ಬಂದ. ಕೇಂದ್ರದವರು ಕೇಳಿದಾಗ, "ತಂತಿ ಕಟ್ಕೋರಿ, ಅದಕ್ಕರ ಉಪಯೋಗ ಆಗ್ಲಿ" ಅಂದಿದ್ದ. ನೀರಿಲ್ಲದ ಸೈಟಿನಲ್ಲಿ ಮನೆ ಕಟ್ಟುವುದು ಹೇಗೆಂದು ಮನೆಯ ಮಾತು ಅಲ್ಲಿಗೇ ನಿಂತಿತ್ತು.

ಕೇಂದ್ರದ ಮುಖ್ಯಸ್ಥರು ಡಾಕ್ಟರ್ ವಾಮನಮೂರ್ತಿ ಇನಾಮದಾರ. ಶಾಲೆಯ ಮಕ್ಕಳು ಮೊಬೈಲಿನಲ್ಲೇ ಭೂಮಿಯ ವಿದ್ಯುತ್ತನ್ನು ನೋಡುವಂತಾಗಬೇಕು ಎಂಬ ಆಸೆ ಅವರದು. ತಾಲ್ಲೂಕಿನ ನಕ್ಷೆ, ಅದರ ಮೇಲೆ ಒಂದೊಂದು ಕಡ್ಡಿಗೂ ಒಂದೊಂದು ಚುಕ್ಕಿ. ಪ್ರವಾಹ ಏರಿದರೆ ಚುಕ್ಕಿ ಬೆಳಗಬೇಕು, ಇಳಿದರೆ ಮಂಕಾಗಬೇಕು. ಅಷ್ಟೇ ಕೆಲಸ. ಶಿವಲೀಲಾ ವಾರದೊಳಗೆ ಮುಗಿಸಿ ಕಳಿಸಿದಳು. ಮರುದಿನ ಬೆಳಿಗ್ಗೆ ಫೋನು ಬಂತು.

"ಶಿವಲೀಲಾ ಅವರೆ, ಪುಟ ಛಂದ ಆಗೇದ. ಒಂದೇ ಮಾತು. ಅದರಾಗ ತಾರೀಖು ಸಾವಿರದ ಒಂಬೈನೂರಾ ಎಪ್ಪತ್ತರ ಜನವರಿ ಅಂತ ತೋರಸ್ತದ. ಅವಾಗ ನಾ ಇನ್ನೂ ಹುಟ್ಟಿದ್ದಿಲ್ಲರೀ."

ಅವಳು ಹಣೆ ಚಚ್ಚಿಕೊಂಡಳು. ಗಣಕಗಳು ಕಾಲವನ್ನು ಎಪ್ಪತ್ತರ ಜನವರಿ ಒಂದರಿಂದ ಎಣಿಸುತ್ತ ಬರುತ್ತವೆ. ಕೇಂದ್ರದ ಯಂತ್ರಗಳು ಅದನ್ನು ಸೆಕೆಂಡಿನ ಲೆಕ್ಕದಲ್ಲಿ ಕಳಿಸುತ್ತಿದ್ದವು. ವೆಬ್ ಪುಟದ ಲೆಕ್ಕ ಮಾತ್ರ ಸೆಕೆಂಡಿನ ಸಾವಿರದಲ್ಲೊಂದು ಪಾಲಿನದು. ನಡುವೆ ಸಾವಿರದಿಂದ ಗುಣಿಸಬೇಕು. ಈ ಕಸುಬಿನಲ್ಲಿ ಇದನ್ನು ಒಮ್ಮೆಯಾದರೂ ಮರೆಯದವರಿಲ್ಲ, ಮರೆತು ನಾಚಿಕೊಳ್ಳದವರೂ ಇಲ್ಲ. ಗುಣಿಸದಿದ್ದರೆ ತಾರೀಖು ಹಿಂದೆ ಹೋಗಿ ಬೀಳುವುದಷ್ಟೇ ಅಲ್ಲ, ಕಾಲವೇ ಸಾವಿರ ಪಟ್ಟು ಮುದುಡಿಕೊಳ್ಳುತ್ತದೆ. ಕೂಡಿಟ್ಟ ಅಂಕಿಗಳನ್ನು ಆಡಿಸುವಾಗ ಪುಟ ಒಂದು ನಿಮಿಷ ಎಂದು ತೋರಿಸುವುದು ನಿಜಕ್ಕೂ ಒಂದು ಹಗಲಿಗಿಂತ ಹೆಚ್ಚಿನ ಹೊತ್ತಾಗಿರುತ್ತದೆ.

ತಿದ್ದಬೇಕಾದದ್ದು ಒಂದೇ ಸಾಲು. ತಿದ್ದುವ ಮೊದಲು ಪುಟವನ್ನೊಮ್ಮೆ ತೆರೆದಳು. ತೆರೆದವಳು ಹಾಗೇ ಕೂತುಬಿಟ್ಟಳು.

ನಕ್ಷೆಯ ಮೇಲೆ ಚುಕ್ಕಿಗಳು ಮಿಡಿಯುತ್ತಿದ್ದವು. ಅಮರೇಶನ ಸೈಟಿನ ಚುಕ್ಕಿ ಎಲ್ಲಕ್ಕಿಂತ ಹೆಚ್ಚು ಬೆಳಗುತ್ತಿತ್ತು. ಎರಡು ಸಲ ಗಿಡ್ಡಕ್ಕೆ, ಒಂದು ಸಲ ಉದ್ದಕ್ಕೆ, ಆಮೇಲೆ ಸುಮ್ಮನೆ. ಮತ್ತೆ ಎರಡು ಗಿಡ್ಡ, ಒಂದು ಉದ್ದ, ಸುಮ್ಮನೆ. ಅದರ ಸುತ್ತಲಿನ ಚುಕ್ಕಿಗಳು ಅದೇ ತಾಳವನ್ನು ಒಂದು ಎಳೆಯಷ್ಟು ತಡವಾಗಿ ಹಿಡಿದು ಆಚೆಗೆ ದಾಟಿಸುತ್ತಿದ್ದವು. ಅವಳು ಆ ಸಾಲು ತಿದ್ದಿ ನೋಡಿದಳು. ತಾರೀಖು ಸರಿಹೋಯಿತು, ಚುಕ್ಕಿಗಳು ಸತ್ತಂತೆ ನಿಂತವು. ತಿದ್ದಿದ್ದನ್ನು ಅಳಿಸಿದಳು. ನಕ್ಷೆಗೆ ಮತ್ತೆ ಜೀವ ಬಂತು.

ಮೊದಲು ಅನುಮಾನ ಬಂದದ್ದು ತನ್ನ ಮೇಲೆಯೇ. ತಾನು ಬರೆದ ಕೋಡಿನಲ್ಲೇ ಏನೋ ಕುಣಿಯುತ್ತಿದೆ ಅಂದುಕೊಂಡಳು. ಮಧ್ಯಾಹ್ನದ ತನಕ ಒಂದೊಂದೇ ಸಾಲು ಜಾಲಾಡಿದಳು. ಬೇಳೆ ಮಿಲ್ಲಿನವರ ಫೋನು ಎರಡು ಸಲ ಬಂದು ಹೋಯಿತು. ಕೋಡಿನಲ್ಲಿ ಅಂಥದ್ದೇನೂ ಇರಲಿಲ್ಲ. ಲ್ಯಾಪ್‌ಟಾಪ್ ಚೀಲಕ್ಕೆ ತುಂಬಿಕೊಂಡು, ಅತ್ತೆ ಹಂಪಮ್ಮನಿಗೆ "ಈಗ ಬಂದೆ" ಎಂದು ಹೇಳಿ, ಕರೇಗುಡ್ಡದ ಬಸ್ಸು ಹತ್ತಿದಳು.

ಕೇಂದ್ರದ ನಿಯಂತ್ರಣ ಕೋಣೆ ಇರುವುದು ಸುರಂಗದೊಳಗೆ. ಗಣಿಯ ಕಾಲದಲ್ಲಿ ಆಳುಗಳನ್ನು ಇಳಿಸುತ್ತಿದ್ದ ಕಬ್ಬಿಣದ ತೊಟ್ಟಿಲು ಕತ್ತಲಲ್ಲಿ ಇಳಿಯುತ್ತ ಹೋದಂತೆ ಕಿವಿ ಗುಂಯ್ ಎಂದವು, ಮೈ ಬೆವರಿತು. ಕೆಳಗೆ ಕಲ್ಲಿನ ಗೋಡೆಗೆ ಸುಣ್ಣ ಬಳಿದ ಒಂದು ಉದ್ದನೆಯ ಕೋಣೆ. ಪರದೆಗಳ ಮುಂದೆ ಇನಾಮದಾರರು ಬನಿಯನ್ನಿನ ಮೇಲೊಂದು ಕೋಟು ಹಾಕಿಕೊಂಡು ಕೂತಿದ್ದರು. ಅವಳು ತಿದ್ದದೆ ಬಿಟ್ಟ ಪುಟ ತೆರೆದಿಟ್ಟಳು. ಅವರು ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು ಬಹಳ ಹೊತ್ತು ನೋಡಿದರು.

"ಪಂಪಿರಬೇಕು," ಅಂದರು. "ಸುರಂಗದ ನೀರೆತ್ತೋ ಪಂಪುಗಳು ತಾಸಿಗೊಮ್ಮೆ ಸುರು ಆಗ್ತಾವ. ಈ ಗದ್ದಲ ಬ್ಯಾಡಂತನ ನಾವು ದಿನದ ಸರಾಸರಿ ತಗೊಂಡು ನೋಡ್ತೀವಿ."

ಪಂಪು ನಿಲ್ಲಿಸಿ ನೋಡೋಣವೇ ಎಂದು ಅವಳು ಕೇಳುವಷ್ಟರಲ್ಲಿ ಅವರೇ ಫೋನು ಎತ್ತಿ ನಿಲ್ಲಿಸಲು ಹೇಳಿದ್ದರು. ಮರುದಿನ ಅವಳು ಮತ್ತೆ ತೊಟ್ಟಿಲಲ್ಲಿ ಇಳಿದು ಬಂದಾಗ ಸುರಂಗದಲ್ಲಿ ಕಾಲು ಮುಳುಗುವಷ್ಟು ನೀರು ನಿಂತಿತ್ತು, ಪರದೆಯ ಮೇಲೆ ತಾಳ ಹಾಗೇ ಇತ್ತು. ಕಡ್ಡಿಗಳ ಹೆಸರು ಅದಲು ಬದಲು ಮಾಡಿ ಓಡಿಸಿದರು. ತಾಳ ಚದುರಿ ಹೋಯಿತು. ಸರಿಯಾಗಿ ಜೋಡಿಸಿದರು, ಬಂತು. ಸುಳ್ಳು ಅಂಕಿಗಳನ್ನು ಹಾಕಿದರು. ಬರೀ ಕಸ ಕಂಡಿತು. ಹಾಗಾದರೆ ಇದು ಪಂಪಲ್ಲ, ಕೋಡೂ ಅಲ್ಲ. ಇನಾಮದಾರರು ಹಿಂದಿನ ವರ್ಷಗಳ ಅಂಕಿಗಳನ್ನೆಲ್ಲ ಹೊರಗೆ ತೆಗೆಸಿದರು, ಇಬ್ಬರೂ ಮೊದಲಿನಿಂದ ನೋಡುತ್ತ ಬಂದರು.

ಮೊದಮೊದಲು ನಕ್ಷೆ ಶಾಂತವಾಗಿತ್ತು. ಕೇಂದ್ರದವರು ಅಮರೇಶನ ಬೋರಿಗೆ ತಂತಿ ಕಟ್ಟಿದ ಹೊಸದರಲ್ಲಿ ಅಲ್ಲೊಂದು ಸಣ್ಣ ನಡುಕ. ಅದು ಬಿರುಕಿನಿಂದ ಬಿರುಕಿಗೆ ದಾಟುತ್ತ, ತಿಂಗಳುಗಟ್ಟಲೆ ಹೊರಗೆ ಹರಡಿತು. ತಾಲ್ಲೂಕಿನ ಅಂಚಿಗೆ ಹೋಗಿ ಮರೆಯಾಯಿತು. ಆಮೇಲೆ ಬಹಳ ಕಾಲ ಏನೂ ಇಲ್ಲ. ನಂತರ ಅಂಚಿನಿಂದ, ಆಳದಿಂದ, ಒಂದೊಂದಾಗಿ ಚುಕ್ಕಿಗಳು ಎದ್ದವು. ಬೆಳಕು ಎಲ್ಲ ದಿಕ್ಕಿನಿಂದಲೂ ಒಳಮುಖವಾಗಿ ನಡೆದು ಬಂದು, ಅಮರೇಶನ ಸೈಟಿನ ಕೆಳಗೆ ಗಂಟು ಕಟ್ಟಿ ನಿಂತಿತು.

ಇನಾಮದಾರರು ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

"ಬಂಡಿ ಬಿರುಕಿನಾಗ ಉಪ್ಪುನೀರಿರ್ತದ. ಆ ನೀರಾಗ ಬ್ಯಾಕ್ಟೀರಿಯಾ ಇರ್ತಾವ, ಅದು ಎಲ್ಲರಿಗೂ ಗೊತ್ತದ. ಕೆಲವಕ್ಕ ಕೂದಲಿಗಿಂತ ಸಣ್ಣ ಎಳಿ ಇರ್ತಾವ. ಆ ಎಳಿಗುಂಟ ಒಂದರಿಂದ ಒಂದಕ್ಕ ವಿದ್ಯುತ್ತು ದಾಟಸ್ತಾವ. ಅದೂ ಗೊತ್ತದ. ಆದ್ರ ಅವೆಲ್ಲ ಕೂಡಿ, ಇಡೀ ತಾಲ್ಲೂಕಿನ ಬುಡಕ್ಕ, ಒಂದು…" ಅವರಿಗೆ ಮುಂದಿನ ಶಬ್ದ ಸಿಗಲಿಲ್ಲ. ಕನ್ನಡಕ ಏರಿಸಿಕೊಂಡು ಪರದೆಗೆ ಬೆರಳಿಟ್ಟರು. "ನಮ್ಮ ನರದಾಗ ಸುದ್ದಿ ಕಣ್ಣು ಮಿಟಕಸೋದ್ರಾಗ ಮುಟ್ತದ. ಇದಕ್ಕ ಒಂದು ಊರು ದಾಟ್ಲಿಕ್ಕೆ ಒಂದು ಮಳಿಗಾಲ ಬೇಕು. ನಾವು ಇದರ ಮ್ಯಾಲ ಕುಂತು ಇದನ್ನ ಅಳೀಲಿಕ್ಕತ್ತಿದ್ವಿ. ನೋಡಿದ್ದೇ ಇಲ್ಲ."

ಶಿವಲೀಲಾ ಗೋಡೆಗೆ ಅಂಗೈ ಇಟ್ಟಳು. ಸುಣ್ಣದ ತಂಪು ಬಿಟ್ಟರೆ ಏನೂ ತಿಳಿಯಲಿಲ್ಲ. ಆದರೂ ಅವಳ ಮೈಯೆಲ್ಲ ಜುಮ್ಮೆಂದಿತು. ಭಯವಲ್ಲ. ಮನೆಯೊಳಗೆ ಯಾರೂ ಇಲ್ಲ ಎಂದುಕೊಂಡು ಓಡಾಡುತ್ತಿದ್ದವಳಿಗೆ, ಒಳಗೆ ಒಬ್ಬರು ಮೊದಲಿನಿಂದಲೂ ಕೂತಿದ್ದಾರೆಂದು ಗೊತ್ತಾದ ಹಾಗಾಗಿತ್ತು.

ಮನೆಗೆ ಬಂದಾಗ ಸಂಜೆ ದೀಪ ಹಚ್ಚುವ ಹೊತ್ತು. ಹಂಪಮ್ಮ ರೊಟ್ಟಿ ಬಡಿದು ಮುಗಿಸಿದ್ದಳು. ಅಮರೇಶ ಕೈಕಾಲು ತೊಳೆದು ತಾಟಿನ ಮುಂದೆ ಕೂತಿದ್ದ. ಶಿವಲೀಲಾ ಹೇಳುವುದನ್ನು ಹೇಗೆ ಶುರುಮಾಡಬೇಕೆಂದು ತಿಳಿಯದೆ ಲ್ಯಾಪ್‌ಟಾಪನ್ನೇ ಅವನೆದುರು ತೆರೆದಿಟ್ಟು, ಪಲ್ಯ ಬಡಿಸಲು ಒಳಗೆ ಹೋದಳು. ಅವನು ರೊಟ್ಟಿ ಮುರಿಯುತ್ತ ನೋಡುತ್ತಿದ್ದ. ಅವಳು ತಿರುಗಿ ಬರುವಷ್ಟರಲ್ಲಿ ಅವನ ಎಡಗೈ ಬೆರಳು ತಾಟಿನ ಅಂಚನ್ನು ಬಡಿಯುತ್ತಿತ್ತು.

"ಉಣ್ಣೂ ಮುಂದ ತಾಟು ಬಾರಿಸಬ್ಯಾಡೋ," ಎಂದಳು ಹಂಪಮ್ಮ.

ಅಮರೇಶ ತನ್ನ ಬೆರಳನ್ನೇ ನೋಡಿಕೊಂಡ. ಬಾಯೊಳಗಿನ ತುತ್ತು ಅಲ್ಲೇ ನಿಂತಿತು.

"ಲೀಲಾ, ಇದು ನನ್ನ ಜಗ್ಗು," ಅಂದ.

"ಏನು ಜಗ್ಗುರೀ?"

"ಹ್ಯಾಮರ್ ಸಿಕ್ರ ಒಬ್ಬೊಬ್ಬ ಡ್ರಿಲ್ಲರ್ ಒಂದೊಂದು ನಮೂನಿ ಜಗ್ತಾನ. ಲಿವರ್ ಮ್ಯಾಲ ಒಬ್ಬರ ಕೈ ಇದ್ದಂಗ ಇನ್ನೊಬ್ಬರದು ಇರಂಗಿಲ್ಲ. ನಂದು ಎರಡು ಸಣ್ಣ ಜಗ್ಗು, ಒಂದು ದೊಡ್ಡ ಜಗ್ಗು. ಆಮ್ಯಾಲ ಎಲ್ಲಾ ಬಂದ್ ಮಾಡಿ ರಾಡಿಗೆ ಕಿವಿ ಇಡ್ತೀನಿ, ಸಡ್ಲಾತೇನಂತ. ಅವತ್ತ ಎರಡು ದಿನ ಹಿಂಗ ಮಾಡೀನಿ. ಇದನ್ನ ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲರೀ. ನೆಲಾನ ಹೇಳಾಕತ್ತೈತಿ. ತಾಸಿಗೊಂದು ಮಿಡಿತ."

ಅವಳು ಇನಾಮದಾರರು ಹೇಳಿದ್ದನ್ನೆಲ್ಲ ಹೇಳಿದಳು. ಅಮರೇಶನ ರೊಟ್ಟಿ ಆರಿ ಸೆಟೆದುಕೊಂಡಿತು. ಅವನಿಗೆ ನೆಲವೆಂದರೆ ಗೊತ್ತಿದ್ದದ್ದು ಅದರ ಪುಡಿ: ಕೆಂಪು ಮಣ್ಣು, ಬಿಳಿ ಹುಡಿ, ಕರಿಕಲ್ಲಿನ ಬೂದಿ. ಆ ಪುಡಿಯನ್ನು ಕೈಯಲ್ಲಿ ತಿಕ್ಕಿ ನೀರು ದೂರವೋ ಹತ್ತಿರವೋ ಎಂದು ಹೇಳಿ ಬದುಕಿದವನು. ತನ್ನ ಕೈಯ ತಾಳವನ್ನು ಬಂಡೆ ನೆನಪಿಟ್ಟುಕೊಂಡು ತಿರುಗಿಸಿ ಬಡಿಯುತ್ತದೆ ಎಂದರೆ ಅವನು ಏನೆಂದಾನು?

"ಸೋಮವಾರ," ಅಂದ ಕೊನೆಗೆ, ತನ್ನಷ್ಟಕ್ಕೆ.

ಸೋಮವಾರವೆಂದರೆ ಮೂವರಿಗೂ ಗೊತ್ತಿತ್ತು. ತಮಿಳುನಾಡಿನಿಂದ ದೊಡ್ಡ ಗಾಡಿ ಬರುವುದಿತ್ತು. ಸಿಕ್ಕಿಬಿದ್ದ ರಾಡುಗಳ ಸುತ್ತ ಅಗಲಕ್ಕೆ ಕೊರೆದು, ಉಕ್ಕನ್ನೆಲ್ಲ ಕಿತ್ತೆಳೆದು, ಅದೇ ತೂತನ್ನು ಇನ್ನೂ ಆಳಕ್ಕೆ ಒಯ್ದು ನೀರು ತರುವುದು. ಅಂಥ ಗಾಡಿ ಈ ಕಡೆ ಬರುವುದೇ ಅಪರೂಪ. ಅಮರೇಶ ತಿಂಗಳುಗಟ್ಟಲೆ ದುಂಬಾಲು ಬಿದ್ದು ಒಪ್ಪಿಸಿದ್ದ. ನೀರು ಬಿದ್ದ ಮರುವಾರವೇ ಮನೆಯ ಪಾಯ ಎಂದು ಹಂಪಮ್ಮ ದಿನ ಕೇಳಿಸಿಟ್ಟಿದ್ದಳು.

"ಅದನ್ನ ಕಿತ್ರ ಆ ಗಂಟು ಹರಿದು ಹೋಗತೈತಂತ್ರಿ," ಎಂದಳು ಶಿವಲೀಲಾ. "ಮೂರು ವರ್ಷ ನಡಕೊಂತ ಬಂದು ಆ ಉಕ್ಕಿನ ಸುತ್ತ ಕೂಡೈತಿ. ಇನಾಮದಾರ್ ಸರ್ ಬ್ಯಾಡ ಅಂತ ಅನ್ನಲಿಲ್ಲ. ನಮ್ಮ ಸೈಟು, ನಮ್ಮ ಇಷ್ಟ ಅಂದ್ರು."

ಹಂಪಮ್ಮ ರೊಟ್ಟಿಯ ಬುಟ್ಟಿ ಮುಚ್ಚಿದಳು. ಆಕೆಗೆ ಮದುವೆಯಾದಾಗಿನಿಂದ ಬಾಡಿಗೆ ಮನೆಗಳೇ. ಮನೆ ಮಾಲೀಕರು ಬಿಡು ಅಂದಾಗಲೆಲ್ಲ ಒಲೆಯ ಕಲ್ಲು ಸಮೇತ ಎತ್ತಿಕೊಂಡು ಹೋದವಳು. ಮೊಳೆ ಹೊಡೆಯಲೂ ಕೇಳಿಯೇ ಹೊಡೆಯಬೇಕಾದ ಗೋಡೆಗಳ ನಡುವೆ ಗಂಡನನ್ನು ಕಳೆದುಕೊಂಡವಳು.

"ಕಲ್ಲಿಗೂ ಜೀವ ಐತಿ ಅಂತೀರಿ. ಇರ್ಲಿ. ಮೂರು ವರ್ಷದಿಂದ ನಾನೂ ಕಾಯಾಕತ್ತೀನಿ, ನನ್ನ ಜೀವದ ಲೆಕ್ಕ ಯಾವ ಕಂಪೂಟ್ರಿನ್ಯಾಗ ಐತಿ? ಬಾಡಿಗಿ ಮನ್ಯಾಗ ನಾ ಕಣ್ಣು ಮುಚ್ಚಂಗಿಲ್ಲ, ಈಗ ಹೇಳೀನಿ. ನನಗ ಅವಸರ ಐತಿ."

ಶಿವಲೀಲಾ ಲ್ಯಾಪ್‌ಟಾಪ್ ಮುಚ್ಚಿದಳು. ಅತ್ತೆ ಹೇಳಿದ್ದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ಅದೇ ಅವಳ ಸಂಕಟವಾಗಿತ್ತು.

ಭಾನುವಾರ ಅಮರೇಶ ತಾನೇ ಕರೇಗುಡ್ಡಕ್ಕೆ ಹೊರಟ. ಒಂದು ಸಲ ಕಣ್ಣಾರೆ ನೋಡಬೇಕು, ಆಮೇಲೆ ಗಾಡಿಯ ವಿಚಾರ ಅಂದ. ಶಿವಲೀಲಾ ಜೊತೆಗೆ ಹೋದಳು. ತೊಟ್ಟಿಲು ಇಳಿಯುವಾಗ ಅವನು ಗೋಡೆಯ ಕಲ್ಲುಗಳನ್ನು ಗುರುತು ಹಿಡಿದು ಹೆಸರು ಹೇಳುತ್ತ ಬಂದ.

ಇನಾಮದಾರರು ಮೂರು ದಿನದಿಂದ ಮನೆಗೆ ಹೋದಂತೆ ಕಾಣಲಿಲ್ಲ. ಗಡ್ಡ ಬೆಳೆದಿತ್ತು, ಕಣ್ಣು ಮಾತ್ರ ಹಬ್ಬದ ದಿನದ ಮಕ್ಕಳ ಕಣ್ಣಿನ ಹಾಗಿದ್ದವು. ಅಮರೇಶನನ್ನು ಕೈಹಿಡಿದು ಪರದೆಯ ಮುಂದೆ ಕೂರಿಸಿದರು. ಈಗ ಚುಕ್ಕಿಗಳಿರಲಿಲ್ಲ, ಅವನ ಬೋರಿನ ಗೆರೆಯೊಂದನ್ನೇ ಪರದೆ ತುಂಬ ಹಿಗ್ಗಿಸಿದ್ದರು. ಎರಡು ಸಣ್ಣ ಗುಡ್ಡ, ಒಂದು ದೊಡ್ಡ ಗುಡ್ಡ, ಆಮೇಲೆ ಬಯಲು.

"ಇದು ನಿಮ್ಮ ಕೈ. ಹೌದಲ್ರಿ?"

"ಹೌದ್ರಿ."

"ಈ ಬಯಲು ನೋಡ್ರಿ. ಹೋದ ತಿಂಗಳದ ತನಕ ಇದು ಚಪ್ಪಟಿ ಇತ್ತು. ಈಗ ನೋಡ್ರಿ."

ಬಯಲಿನ ನಡುವೆ ಒಂದು ಸಣ್ಣ ಉಬ್ಬು ಇತ್ತು. ಮುಂದಿನ ಬಯಲಿನಲ್ಲೂ ಇತ್ತು. ಅದರ ಮುಂದಿನದರಲ್ಲಿ ಎರಡಾಗಿತ್ತು.

"ಇದು ನಂದಲ್ರಿ," ಎಂದ ಅಮರೇಶ.

"ನಿಮ್ಮದಲ್ಲ ಅಂತನ ಕೇಳ್ಲಿಕ್ಕತ್ತೀನಿ. ಈ ಹೊತ್ತಿನ್ಯಾಗ ನೀವೇನು ಮಾಡ್ತಿದ್ರಿ?"

ಅಮರೇಶ ಆ ಬಯಲಿನ ಉದ್ದಕ್ಕೂ ಬೆರಳು ಎಳೆದ.

"ಸುಮ್ನ ಇರ್ತಿದ್ದೆರಿ. ಎಂಜಿನ್ ಬಂದ್ ಮಾಡಿ, ರಾಡಿಗೆ ಕಿವಿ ಇಟ್ಟು ಕೇಳ್ತಿದ್ದೆ. ನಾ ಕೇಳಾಕ ಅಂತ ಬಿಟ್ಟ ಜಾಗ ಅದು."

ಇನಾಮದಾರರು ಹಿಂದಕ್ಕೆ ಕುರ್ಚಿ ಹುಡುಕಿಕೊಂಡು ಕೂತರು. ಪ್ರತಿಧ್ವನಿಯಾಗಿದ್ದರೆ ಬಡಿದದ್ದನ್ನಷ್ಟೇ ತಿರುಗಿಸುತ್ತಿತ್ತು. ಇದು ಬಡಿದದ್ದನ್ನು ಒಪ್ಪಿಸಿ, ಅವನು ಕಿವಿಗೊಟ್ಟ ಜಾಗ ಯಾವುದೆಂದು ಹುಡುಕಿ, ಅಲ್ಲಿ ತನ್ನದೊಂದು ಮಾತಿಡುತ್ತಿತ್ತು. ಇಡೀ ತಾಲ್ಲೂಕಿನಷ್ಟು ಅಗಲದ್ದು, ಊರುಗಳು ಹುಟ್ಟುವ ಮೊದಲಿನದ್ದು, ಒಬ್ಬ ಬೋರಿನವನ ಎರಡು ದಿನದ ಪರದಾಟವನ್ನು ಮಾತೆಂದು ತಿಳಿದು ಅಷ್ಟು ದೂರದಿಂದ ಬಂದಿತ್ತು. ಶಿವಲೀಲಾಳ ಕಣ್ಣಲ್ಲಿ ನೀರು ಬಂತು. ಏಕೆಂದು ಕೇಳಿದ್ದರೆ ಹೇಳಲು ಅವಳಿಗೆ ಬರುತ್ತಿರಲಿಲ್ಲ.

"ಏನಂತೈತ್ರಿ ಸರ್ ಅದು?" ಎಂದು ಕೇಳಿದ ಅಮರೇಶ.

"ಗೊತ್ತಿಲ್ಲ. ಈಗಿನ್ನ ಬಾಯಿ ತಗದದ," ಅಂದರು ಇನಾಮದಾರರು. "ಮಾತು ಮುಗಸ್ಲಿಕ್ಕೆ ಎಷ್ಟು ವರ್ಷ ಬೇಕೋ ಯಾರಿಗೆ ಗೊತ್ತು. ನಾ ಇರ್ತೀನೋ ಇಲ್ಲೋ. ಆದ್ರ ಅದು ಮಾತಾಡೋದು ಆ ಉಕ್ಕಿಗುಂಟ, ನಿಮ್ಮ ಜೋಡಿ. ನಾ ಬ್ಯಾಡ ಅಂತ ಹ್ಯಾಂಗ ಹೇಳ್ಲಿ? ನಿಮ್ಮ ತಾಯಿಯವರಿಗೆ ಮನಿ ಬೇಕು. ಅದೂ ಖರೇನ."

ತಿರುಗಿ ಬಂದು ಬಸ್ಸು ಇಳಿಯುವಾಗ ಅಮರೇಶ, "ಅವ್ವಗ ನಾ ಬ್ಯಾಡ ಅನ್ನಂಗಿಲ್ಲ ಲೀಲಾ. ನನ್ನ ಕೈಲೆ ಆಗಂಗಿಲ್ಲ" ಅಂದ. ಶಿವಲೀಲಾ ತಲೆಯಾಡಿಸಿದಳು.

ಸೋಮವಾರ ಬೆಳಿಗ್ಗೆ ದೊಡ್ಡ ಗಾಡಿ ಬಂತು. ಅದರ ಹಿಂದೆ ಕಂಪ್ರೆಸರಿನ ಲಾರಿ. ಸೈಟಿನ ಪಕ್ಕದ ಬೇವಿನ ಗಿಡದ ಟೊಂಗೆಗಳು ಅದಕ್ಕೆ ತಾಗಿ ಮುರಿದವು. ಬೋರಿನ ಬಾಯಿಗೆ ಅರಿಸಿನ ಕುಂಕುಮ ಹಚ್ಚಿ, ಊದುಬತ್ತಿ ನೆಟ್ಟು, ಹಂಪಮ್ಮ ಹೊಸ ಇಳಕಲ್ ಸೀರೆಯಲ್ಲಿ ತುಂಬಿದ ಕೊಡ ಹಿಡಿದು ನಿಂತಿದ್ದಳು. ಯಾವ ಬೋರೇ ಇರಲಿ, ಮನೆಯ ಹಿರಿಯ ಹೆಣ್ಣುಮಗಳು ಮೊದಲು ನೆಲಕ್ಕೆ ನೀರು ಹೊಯ್ದು ಕೇಳಿಕೊಂಡ ಮೇಲೆಯೇ ಎಂಜಿನ್ ಶುರುಮಾಡುವುದು. ಹೀಗೆ ಹೊಯ್ಯದೆ ಅಮರೇಶ ಎಂದೂ ಕೊರೆದವನಲ್ಲ. ತಮಿಳುನಾಡಿನ ಮೇಸ್ತ್ರಿ ಕೈಕಟ್ಟಿ ಕಾದಿದ್ದ.

ಶಿವಲೀಲಾ ಇಟ್ಟಿಗೆ ರಾಶಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಸೆರಗಿನಿಂದ ಪರದೆಗೆ ನೆರಳು ಮಾಡಿದ್ದಳು. ಕೊನೆಯ ಸಲ ನೋಡಬೇಕೆಂದು ತಂದಿದ್ದಳು, ಅಷ್ಟೇ. ಯಾರಿಗೂ ಏನೂ ಹೇಳುವ ಮನಸ್ಸಿರಲಿಲ್ಲ. ಹಂಪಮ್ಮ ಕೊಡ ಹಿಡಿದುಕೊಂಡೇ ಬಂದು ಬಗ್ಗಿ ನೋಡಿದಳು. ಈ ತನಕ ಆಕೆ ಅದರ ಕಡೆ ಕಣ್ಣು ಹಾಯಿಸಿರಲಿಲ್ಲ.

"ಇದೇನು ಅದು?"

"ಹೌದ್ರಿ ಅತ್ತಿ. ಈ ಚುಕ್ಕಿ ನಮ್ಮ ಬೋರು."

"ಈ ಮಿಣುಕು?"

"ನಿಮ್ಮ ಮಗನ ಜಗ್ಗಿನ ತಾಳ ಅದು. ಅದು ಆದ ಮ್ಯಾಲ ಒಂದು ಸಣ್ಣ ಮಿಣುಕು ಬರತೈತಿ ನೋಡ್ರಿ. ಈಗ… ಇದು. ಅದು ಅವರದಲ್ಲ. ನೆಲದ್ದು."

ಹಂಪಮ್ಮ ಇನ್ನೂ ಬಗ್ಗಿದಳು. ಕೊಡದ ನೀರು ತುಳುಕಿ ಸೀರೆ ನೆನೆಯಿತು. ತಾಳ ಬಂತು, ಹೋಯಿತು. ಸಣ್ಣ ಮಿಣುಕು ಬಂತು. ಆಕೆ ಅದನ್ನು ಎರಡು ಮೂರು ಸಲ ನೋಡಿದಳು.

"ಇಷ್ಟು ಹೇಳಾಕ ಎಷ್ಟೊತ್ತು ತಗೋತೈತಿ?"

"ಆ ಒಂದು ಮಿಣುಕಿಗೆ ಒಂದು ತಾಸು. ಆದ್ರ ಇಲ್ಲಿಗೆ ಬರಾಕ, ಅವರು ಜಗ್ಗಿದ ದಿನದಿಂದ ಹೊಂಟೈತ್ರಿ."

ಹಂಪಮ್ಮ ನೆಟ್ಟಗಾದಳು. ಮಗನ ಕಡೆ ನೋಡಿದಳು. ಅಮರೇಶ ಬೋರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕತ್ತರಿಸಿದ ರಾಡಿನ ತುದಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ತಾಯಿ ನೋಡುತ್ತಿದ್ದಾಳೆಂದು ಗೊತ್ತಿದ್ದರೂ ತಲೆ ಎತ್ತಲಿಲ್ಲ.

"ನೀ ಕರದೇನೋ ಇದನ್ನ?"

"ಇಲ್ಲ ಯವ್ವಾ. ಸಿಕ್ಕಿದ್ದ ಹ್ಯಾಮರ್ ಜಗ್ಗಿದೆ."

"ಅದಕ್ಕೇನು ಗೊತ್ತು. ಕರದ್ರು ಅನ್ಕೊಂಡೈತಿ ಪಾಪ." ಹಂಪಮ್ಮ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡಳು. ಆಕೆಯ ಬಾಯಿ ಏನನ್ನೋ ಜಗಿಯುವಂತೆ ಅಲುಗುತ್ತಿತ್ತು. "ಇಷ್ಟು ದೂರ ಬಾಗಿಲಿಗೆ ಬಂದವರ ಬಾಯಾಗ ಮಷೀನ್ ಹಾಕ್ತಾರೇನು? ಗಾಡಿ ಹಿಂದಕ್ಕ ಕಳಸು."

"ಮನಿ, ಯವ್ವಾ?"

"ಕಟ್ಟು. ಟ್ಯಾಂಕರ್ ನೀರು ತರಸಿ ಕಟ್ಟು. ಇಲ್ಲಾ ಬ್ಯಾರೆ ಕಡೆ ಸೈಟು ನೋಡು. ಬಾಡಿಗಿ ಮನಿ ನನಗೇನು ಹೊಸಾದಲ್ಲ."

ಶಿವಲೀಲಾಗೆ ಅತ್ತೆಯ ಕಾಲು ಹಿಡಿಯಬೇಕೆನ್ನಿಸಿತು. ಹಿಡಿದರೆ ಬೈಸಿಕೊಳ್ಳುವುದು ಖಾತ್ರಿಯಿತ್ತು. ಮೇಸ್ತ್ರಿ ಇವರ ಮುಖ ಅವರ ಮುಖ ನೋಡಿ, ಏನೋ ಗೊಣಗಿ, ಹಿಂದಿರುಗಲು ಗಾಡಿಯ ಎಂಜಿನ್ ಶುರುಮಾಡಿದ.

ಹಂಪಮ್ಮ ಕೊಡದ ನೀರನ್ನು ಬೋರಿನ ಬಾಯಿಯ ಸುತ್ತ ಹೊಯ್ದಳು. ಏನೋ ಮಣಮಣ ಅಂದಳು. ಸದಾ ಅನ್ನುವುದನ್ನೇ ಅಂದಳೋ, ಬೇರೆ ಏನಾದರೂ ಅಂದಳೋ ತಿಳಿಯಲಿಲ್ಲ. ಆಮೇಲೆ ಮಗನಿಗೆ, "ಬಂದವರನ್ನ ಮಾತಾಡಸು ಮತ್ತ. ಸುಮ್ನ ಕುಂತಿ" ಅಂದಳು.

ಅಮರೇಶ ಗಾಡಿಯಿಂದ ದೊಡ್ಡ ಸ್ಪ್ಯಾನರ್ ತಂದ. ರಾಡಿನ ಮೇಲೆ ಎರಡು ಸಲ ಮೆಲ್ಲಗೆ, ಒಂದು ಸಲ ಜೋರಾಗಿ ಬಡಿದ. ಉಕ್ಕಿನ ನಾದ ಕೆಳಗೆ, ಕೆಳಗೆ ಇಳಿದು ಹೋದದ್ದು ಅಂಗಾಲಿಗೆ ತಿಳಿಯಿತು. ಆಮೇಲೆ ಅವನು ಸ್ಪ್ಯಾನರ್ ಕೆಳಗಿಟ್ಟು, ನೆಲಕ್ಕೆ ಮೊಣಕಾಲೂರಿ, ರಾಡಿಗೆ ಕಿವಿ ಇಟ್ಟ. ಮೇಸ್ತ್ರಿ ಗಾಡಿಯ ಎಂಜಿನ್ ಆರಿಸಿದ. ಯಾರೂ ಹೇಳಿರಲಿಲ್ಲ.

ಕಾಲಡಿಯಲ್ಲಿ, ಹೊಲಗಳ ಕೆಳಗೆ, ಮುದಗಲ್ಲಿನ ದಾರಿಯ ಕೆಳಗೆ, ಶಾಲೆ ಗುಡಿ ದರ್ಗಾಗಳ ಕೆಳಗೆ, ಆ ದೊಡ್ಡದು ಈಗ ತಾನೇ ಮುಟ್ಟಿದ ಸುದ್ದಿಯನ್ನು ಒಂದು ಬಿರುಕಿನಿಂದ ಇನ್ನೊಂದಕ್ಕೆ ದಾಟಿಸಲು ತೊಡಗಿತ್ತು. ಶಿವಲೀಲಾಳಿಗೆ ತನ್ನ ಎದೆಬಡಿತ ತೀರ ಚಿಕ್ಕ ಹಕ್ಕಿಯದರಂತೆ ಕೇಳಿಸಿತು.

ಹಂಪಮ್ಮ ಮರಳಿನ ಗುಡ್ಡೆಯ ಮೇಲೆ ಕಾಲು ಚಾಚಿ ಕೂತಳು.

"ಏನಂತೈತಿ?" ಎಂದು ಕೇಳಿದಳು.

"ಇನ್ನೂ ಅದಕ್ಕ ಕೇಳಿಸಿಲ್ಲರಿ ಅತ್ತಿ," ಎಂದಳು ಶಿವಲೀಲಾ. "ಬಹಳ ದಿನ ಬೇಕು."

"ಕೇಳಿಸ್ಲಿ ಬಿಡು," ಎಂದಳು ಹಂಪಮ್ಮ, ಒದ್ದೆ ಸೆರಗನ್ನು ಮೊಣಕಾಲ ಮೇಲೆ ಹರವಿಕೊಳ್ಳುತ್ತ. "ಅವಸರ ಏನೈತಿ."